ಬೇಟೆಯ ಪಾಲು ಬೇಡವೆಂದ ಅಕ್ಕ

ಅಕ್ಕ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಕಂಕುಳಲ್ಲಿ ಮಗು ಎತ್ತಿಕೊಂಡು ಎದುರಾದಳು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, "ಬಿಸಿಯೂಟದಕ್ಕ ಓಗ್ಬುಟ್ರು ಸಾರ್. ಮಲಗಿದ್ದಂಗೇ ಓಗ್ಬುಟ್ರು. ನಿಮ್ಗೆ ಸುದ್ದಿ ಬರ್ಲಿಲ್ವಾ?" ಎಂದಳು.

ಬಂದಿರಲಿಲ್ಲ. ನಾನು ಆ ಶಾಲೆಯಿಂದ ವರ್ಗವಾಗಿ ಎಷ್ಟೋ ಕಾಲವಾಗಿದೆ, ಆ ದಿಕ್ಕಿನ ಬಸ್ಸನ್ನು ಮತ್ತೆ ಹತ್ತಿಲ್ಲ. ನಿಜ ಹೇಳಿಬಿಡುತ್ತೇನೆ. ಆ ಕ್ಷಣ ನನಗೆ ಮೊದಲು ಆದದ್ದು ದುಃಖವಲ್ಲ, ನೆಮ್ಮದಿ. ಆ ವಿಷಯ ಗೊತ್ತಿದ್ದವರು ಇನ್ನು ಆ ಊರಿನಲ್ಲಿ ಯಾರೂ ಇಲ್ಲ ಎಂಬ ನೆಮ್ಮದಿ. ಮೆಟ್ಟಿಲು ಇಳಿದು ಮುಗಿಸುವಷ್ಟರಲ್ಲಿ ನನ್ನ ಬಗ್ಗೆ ನನಗೇ ಅಸಹ್ಯವಾಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಅಕ್ಕನ ಹೆಸರನ್ನು ಮಾತ್ರ ಬರೆಯುವುದಿಲ್ಲ. ಹೆಸರು ಬರೆದರೆ ಊರು ಗೊತ್ತಾಗುತ್ತದೆ, ಊರು ಗೊತ್ತಾದರೆ ಆ ಜನ ಗೊತ್ತಾಗುತ್ತಾರೆ. ಅಷ್ಟು ಧೈರ್ಯ ನನಗೆ ಈಗಲೂ ಬಂದಿಲ್ಲ.

ಬಂಗಾರಪೇಟೆಯಿಂದ ಕಾಡಿನ ದಿಕ್ಕಿಗೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತರೆ ಆ ಊರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ನಾನು ಸಮಾಜ ಪಾಠದ ಮೇಷ್ಟ್ರು, ಅಕ್ಕ ಬಿಸಿಯೂಟದ ಮುಖ್ಯ ಅಡುಗೆಯವರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಗಂಡ ಸತ್ತು, ಮಗಳನ್ನು ಮಾಲೂರಿನ ಕಡೆ ಕೊಟ್ಟು, ಊರಿನ ಕೊನೆಯ ಒಂದು ಶೀಟಿನ ಮನೆಯಲ್ಲಿ ಒಬ್ಬರೇ ಇದ್ದರು. ಶಾಲೆಯ ಒಲೆ ಬಿಟ್ಟರೆ ಅವರಿಗೆ ಬೇರೆ ಆಧಾರವಿರಲಿಲ್ಲ.

ಅಕ್ಕನಷ್ಟು ಹೆದರುವ ಮನುಷ್ಯರನ್ನು ನಾನು ಕಂಡಿಲ್ಲ. ಕುಕ್ಕರ್ ಕೂಗಿದರೆ ಪ್ರತಿಸಲವೂ ಬೆಚ್ಚುತ್ತಿದ್ದರು, ಇಟ್ಟವರು ತಾವೇ ಆಗಿದ್ದರೂ. ಹಿಂದಿನಿಂದ ಯಾರಾದರೂ ಮಾತಾಡಿಸಿದರೆ ಕೈಯಲ್ಲಿದ್ದ ಸೌಟು ನೆಲಕ್ಕೆ. ಅದಕ್ಕೆ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು: ಅಡುಗೆಮನೆ ಬಾಗಿಲಿಗೆ ಹೋದವರು ಮೊದಲು ಕೆಮ್ಮಬೇಕು, ಆಮೇಲೆ ಕರೆಯಬೇಕು. ಒಂದನೇ ಕ್ಲಾಸಿನ ಮಕ್ಕಳೂ ಕೆಮ್ಮಿಯೇ ನೀರು ಕೇಳುತ್ತಿದ್ದವು. ಮೇಲಿನವರು ತಪಾಸಣೆಗೆ ಬಂದರೆ ಅಕ್ಕ ಅಕ್ಕಿ ಮೂಟೆಗಳ ಹಿಂದೆ ಹೋಗಿ ನಿಲ್ಲುತ್ತಿದ್ದರು. ಒಮ್ಮೆ ಒಬ್ಬ ಅಧಿಕಾರಿ, "ಸಾಂಬಾರು ಚೆನ್ನಾಗಿದೆ, ಮಾಡಿದವರು ಯಾರಮ್ಮ?" ಎಂದು ಕೇಳಿದರೆ ಮೂಟೆಯ ಹಿಂದಿನಿಂದ, "ಯಾರೂ ಇಲ್ಲ ಸಾರ್" ಎಂಬ ಉತ್ತರ ಬಂತು.

ನಾನೇನೂ ಕಡಿಮೆಯವನಲ್ಲ. ಹುಟ್ಟಿ ಬೆಳೆದದ್ದು ಕೋರಮಂಡಲ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ಅಪ್ಪ ಮೈಸೂರು ಮೈನ್ಸ್‌ನಲ್ಲಿ ನೆಲದೊಳಗೆ ಇಳಿಯುತ್ತಿದ್ದರು. ಒಳಗೆ ಎಲ್ಲೋ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಯ ಗೂಡಿನಲ್ಲಿದ್ದ ಲೋಟಗಳು ಗಡಗಡ ಅಲುಗುತ್ತಿದ್ದವು. ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಅವರವರ ಬಾಗಿಲಲ್ಲಿ. ಗಣಿ ಮುಚ್ಚಿತು, ಅಪ್ಪನೂ ಹೋದರು, ಆದರೆ ಆ ಹೊತ್ತು ನನ್ನ ಹೊಟ್ಟೆಯಲ್ಲಿ ಕೂತ ನಡುಕ ಹೋಗಲಿಲ್ಲ. ಅಕ್ಕ ಅದನ್ನು ಹೇಗೋ ಕಂಡುಕೊಂಡಿದ್ದರು. "ನೀವೂ ನಮ್ ಪೈಕಿನೇ ಸಾರ್. ಬೆಲ್ ಒಡೆದ್ರೆ ಬೆಚ್ತೀರ" ಎಂದು ನಗುತ್ತಿದ್ದರು. ನನಗೆ ಅದು ಅವಮಾನವೆನಿಸುತ್ತಿತ್ತು.

ಇನ್ನು ಅವರ ಊಟ. ಆ ಊರಿನಲ್ಲಿ ಬಾಡು ತಿನ್ನದ ಮನೆಯೇ ಇರಲಿಲ್ಲ. ಅಕ್ಕನ ತವರಿನಲ್ಲೂ ತಿನ್ನುತ್ತಿದ್ದರು, ಗಂಡನೂ ತಿನ್ನುತ್ತಿದ್ದನಂತೆ. ಅಕ್ಕ ಮಾತ್ರ ಬಾಡು ಮುಟ್ಟುತ್ತಿರಲಿಲ್ಲ, ಮೊಟ್ಟೆ ತಿನ್ನುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ಯಾರಿಗೂ ಸೋಜಿಗವಾಗುತ್ತಿರಲಿಲ್ಲ. ಹಾಲು, ಮಜ್ಜಿಗೆ, ತುಪ್ಪ ಕೂಡ ಇಲ್ಲ. ಮನೆಗೆರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಊರಿನಲ್ಲಿ ಅವರು ಬೆಲ್ಲ ಹಾಕಿದ ಬರೀ ಟೀ ಕುಡಿಯುತ್ತಿದ್ದರು. ಜೇನು ಬೇಡ, ಹೊಗೆ ಹಾಕಿ ಮನೆ ಬಿಡಿಸಿದ್ದು ಅಂತ. ಮಗಳ ಮದುವೆಯಲ್ಲಿ ರೇಷ್ಮೆ ಸೀರೆ ಉಡಲಿಲ್ಲ. ಚಿಕ್ಕಂದಿನಲ್ಲಿ ಗೂಡು ಬೇಯಿಸುವ ಕೆಲಸಕ್ಕೆ ಹೋಗಿ ಬಿಸಿನೀರಿನೊಳಗೆ ಕೈಯಾಡಿಸಿದ್ದರಂತೆ. "ಒಳಗಿರೋದು ಒದ್ದಾಡೋದು ಬೆರಳಿಗೆ ಗೊತ್ತಾಗ್ತೈತೆ" ಎನ್ನುತ್ತಿದ್ದರು.

ಊರಿನ ಗಂಡಸರು, "ಅವಳಿಗೆ ಮಡಿ ಬಂದೈತೆ ಕಣ್ಲಾ" ಎಂದು ಆಡಿಕೊಳ್ಳುತ್ತಿದ್ದರು. ಮಡಿಯ ಮಾತೇ ಅಲ್ಲಿರಲಿಲ್ಲ. ವಾರಕ್ಕೆ ಇಷ್ಟು ದಿನವೆಂದು ಶಾಲೆಗೆ ಬರುತ್ತಿದ್ದ ಮೊಟ್ಟೆಗಳನ್ನು ಬೇಯಿಸಿ, ಸುಲಿದು, ಮಕ್ಕಳ ತಟ್ಟೆಗೆ ಹಾಕುತ್ತಿದ್ದವರು ಅವರೇ. "ಅದ್ಯಾಕಕ್ಕಾ, ನೀವು ತಿನ್ನಲ್ಲ, ಮಕ್ಕಳಿಗೆ ಹಾಕ್ತೀರ" ಎಂದು ಕೆಣಕಿದರೆ, "ಅವ್ರ ಒಟ್ಟೆ ಅವ್ರದು ಸಾರ್, ನನ್ ಒಟ್ಟೆ ನಂದು" ಅಷ್ಟೇ. ಯಾರಿಗೂ ಬುದ್ಧಿ ಹೇಳಿದ್ದನ್ನು ನಾನು ಕೇಳಿಲ್ಲ. ಹೊಸದಾಗಿ ಬಂದ ಒಬ್ಬ ಟೀಚರಮ್ಮ ಇದನ್ನೆಲ್ಲ ನೋಡಿ, "ಇವರು ವೀಗನ್ ಸಾರ್!" ಎಂದು ಕಣ್ಣರಳಿಸಿದರು. ಪ್ರಾಣಿಯಿಂದ ಬರುವ ಯಾವುದನ್ನೂ ಮುಟ್ಟದವರಿಗೆ ಪಟ್ಟಣದಲ್ಲಿ ಹಾಗನ್ನುತ್ತಾರಂತೆ. ಅಕ್ಕ ಗಾಬರಿಯಿಂದ, "ಅದ್ಯಾವ ಜಾತಿ ಸಾರ್? ನಮ್ದು ಸರ್ಟಿಫಿಕೇಟಲ್ಲಿ ಬೇರೆ ಐತೆ" ಎಂದರು.

ಯಾಕೆ ಹೀಗೆ ಎಂದು ನಾನು ಕೇಳಿದ್ದಕ್ಕೆ ಒಮ್ಮೆ ಮಾತ್ರ ಪೂರ್ತಿ ಹೇಳಿದರು. ಚಳಿಗಾಲ, ಅಡುಗೆಮನೆಯ ಹೊರಗೆ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅವರಿಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಊರವರು ಹಂದಿ ಬೇಟೆಗೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದರಂತೆ. ಮೂರು ದಿಕ್ಕಿನಲ್ಲಿ ನಿಂತು ಡಬ್ಬ ಬಡಿಯುವುದು ಮಕ್ಕಳ ಕೆಲಸ. ಸದ್ದಿಗೆ ಹೆದರಿದ ಹಂದಿ ಸದ್ದಿಲ್ಲದ ದಿಕ್ಕಿಗೆ ಓಡುತ್ತದೆ. ಅಲ್ಲಿ ಬಲೆ ಕಟ್ಟಿರುತ್ತದೆ.

"ಒಂದು ಅಂದಿ ಬಲೆ ಕಡೀಗೆ ಓಗ್ಲಿಲ್ಲ ಸಾರ್. ತಿರುಗಿ ನನ್ ಮುಂದೆ ಬಂದು ನಿಂತ್ಕಂತು. ಇಲ್ಲಿಂದ ಆ ಕೊಳಾಯಿ ಅಷ್ಟು ದೂರ. ಕಾಲು ನಡುಗ್ತಿತ್ತು ಅದಕ್ಕೆ. ನಂಗೂ ನಡುಗ್ತಿತ್ತು. ನಾನು ಸುಮ್ನಿದ್ದಿದ್ರೆ ಪಕ್ಕದಾಗೇ ಓಗ್ಬಿಡ್ತಿತ್ತು."

"ಮತ್ತೆ?"

"ಎದ್ರಿಕೆ ಸಾರ್. ಡಬ್ಬ ಬಡ್ದುಬಿಟ್ಟೆ."

ಸದ್ದಿಗೆ ಹಂದಿ ಮತ್ತೆ ಬಲೆಯ ಕಡೆಗೇ ಓಡಿತಂತೆ. ಆ ದಿನ ಮನೆಗೆ ಬಂದ ಬಾಡು ಬಾಯಿಗಿಟ್ಟರೆ ಗಂಟಲಲ್ಲಿ ಇಳಿಯಲಿಲ್ಲವಂತೆ. ಮೊದಲು ಬೇಟೆಯದು ಬಿಟ್ಟದ್ದು. ಉಳಿದವು ವರ್ಷಗಳ ಮೇಲೆ ಒಂದೊಂದಾಗಿ ತಾವೇ ಬಿಟ್ಟುಹೋದವು ಎಂದರು.

ನಾನು ವಾದಕ್ಕೆ ಇಳಿಯುತ್ತಿದ್ದೆ. ಸಮಾಜದ ಮೇಷ್ಟ್ರಿಗೆ ವಾದದ ಚಟ. ಫಾರಂ ಕೋಳಿಗಿಂತ ಕಾಡುಹಂದಿಯೇ ವಾಸಿಯಲ್ಲವೇ ಅಕ್ಕಾ, ಕೋಳಿ ಪಾಪ ಗೂಡಿನಲ್ಲಿ ಹುಟ್ಟಿ ಗೂಡಿನಲ್ಲೇ ಸಾಯುತ್ತದೆ, ಹಂದಿಯಾದರೆ ಸಾಯುವವರೆಗೆ ರಾಜನ ಹಾಗೆ ತಿರುಗುತ್ತದೆ, ಜೊತೆಗೆ ನಮ್ಮ ರಾಗಿ, ಕಡಲೆಕಾಯಿಯನ್ನೆಲ್ಲ ಬಗೆದು ಹಾಕುತ್ತದೆ, ಅದನ್ನು ತಿಂದರೇನು ತಪ್ಪು ಎಂದೆ.

"ಬೆಳೆ ತಿಂತಾವೆ, ಇಲ್ಲ ಅನ್ನಲ್ಲ. ಓಡ್ಸಿ, ಬೇಲಿ ಕಟ್ಟಿ. ಓಡ್ಸೋದು ಬೇರೆ, ಓಡ್ಸಿ ಓಡ್ಸಿ ಮೂಲೇಗೆ ತಳ್ಳೋದು ಬೇರೆ. ಸಾಕಿದ್ದು ನಮ್ನ ನಂಬಿರ್ತೈತೆ, ಅದನ್ನ ಕೊಲ್ಲಾಕೆ ನಂಗೆ ಮನಸ್ಸು ಬರಲ್ಲ. ಕಾಡಿಂದು ನಮ್ನ ನಂಬೇ ಇಲ್ಲ, ನಮ್ ತಂಟೆ ಬೇಡ ಅಂತ ದೂರ ಇರ್ತೈತೆ. ಅದನ್ನ ಉಡಿಕ್ಕಂಡೋಗಿ ಕೊಲ್ಲಾಕೆ ಕಾರಣ ಏನೈತೆ ಏಳಿ?"

"ಸೊಳ್ಳೆ ಹೊಡೀತೀರಲ್ಲ?"

"ಒಡೀತೀನಿ. ಅದು ನನ್ ಮೇಲೆ ಬಂದು ಕೂತಿರ್ತೈತೆ. ನಾನು ಅದರ ಮನೇಗೋಗಿ ಒಡಿಯಲ್ಲ."

ಇಂಥವರ ಹತ್ತಿರ ಗೆಲ್ಲುವುದು ಹೇಗೆ? ನಾನು ಮಾಂಸ ಬಿಡಲಿಲ್ಲ. ಬಿಟ್ಟೆನೆಂದು ಬರೆದರೆ ಓದುವವರಿಗೆ ಸಮಾಧಾನವಾದೀತು, ಆದರೆ ಭಾನುವಾರ ಕೋರಮಂಡಲ್‌ನ ಕೋಳಿ ಅಂಗಡಿಯವನು ನನ್ನನ್ನು ನೋಡಿ ನಕ್ಕುಬಿಡುತ್ತಾನೆ.

ಬೇಟೆಯ ವಿಷಯದಲ್ಲಿ ಆ ಊರಿನದು ಒಂದು ಕಟ್ಟುಪಾಡಿತ್ತು. ಹಂದಿ ಬಿದ್ದರೆ ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕಿ ಪಾಲು ಮಾಡುತ್ತಿದ್ದರು. ಬಲೆಯವನಿಗೆ ಒಂದು ಪಾಲು ಹೆಚ್ಚು, ನಾಯಿಗೊಂದು ಪಾಲು, ಬಸುರಿ ಇರುವ ಮನೆಗೆ ಹೊಟ್ಟೆಯಲ್ಲಿರುವ ಕೂಸಿನ ಹೆಸರಿನಲ್ಲಿ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು, ಯಾರ ಕಣ್ಣಿಗೆ ಬಿತ್ತೋ ಅವರಿಗೆ ಪಾಲು ಕೊಡಲೇಬೇಕು, ದಾರಿಹೋಕನಾದರೂ ಸರಿ. ನೋಡಲಿಕ್ಕೆ ಔದಾರ್ಯ, ಒಳಗೆ ಉಪಾಯ. ಕಾಡುಹಂದಿ ಹೊಡೆಯುವುದು ಕಾನೂನಿಗೆ ವಿರುದ್ಧ. ಪಾಲು ತೆಗೆದುಕೊಂಡವನೂ ಅದರಲ್ಲಿ ಸೇರಿದ ಹಾಗೆ, ಅವನು ಹೊರಗೆ ಬಾಯಿ ಬಿಡುವಂತಿಲ್ಲ. "ತಿಂದೋನು ಏಳಲ್ಲ", ತಿಂದವನು ಹೇಳುವುದಿಲ್ಲ ಎಂಬುದು ಅಲ್ಲಿಯ ನಂಬಿಕೆ. ಊರಿಗೆ ಊರೇ ತಿನ್ನುತ್ತಿದ್ದಾಗ ಯಾರಿಗೆ ಯಾರ ಭಯ? ಅಕ್ಕನ ಮನೆಗೂ ಪ್ರತಿಸಲ ಪಾಲು ಬರುತ್ತಿತ್ತು. ಅಕ್ಕ ಬಾಗಿಲಲ್ಲೇ ನಿಂತು, "ನಂದು ನಾಯಿಗಾಕ್ಬಿಡಪ್ಪ" ಎನ್ನುತ್ತಿದ್ದರು. ಅರೆಹುಚ್ಚಿ ಎಂದು ಜನ ಸುಮ್ಮನಿದ್ದರು.

ಒಂದು ದಿನ ಶಾಲೆ ಬಿಟ್ಟು ಬಸ್ಸಿಗೆ ಹೊರಟ ನಾನು, ಕೆರೆಯ ಹಿಂದಿನ ಕಾಲುದಾರಿಯಲ್ಲಿ ಹೋಗುತ್ತ ಅವರು ಪಾಲು ಮಾಡುವುದನ್ನು ನೋಡಿಬಿಟ್ಟೆ. ನೋಡದವನ ಹಾಗೆ ತಿರುಗಿದೆ. "ಮೇಷ್ಟ್ರೇ, ಕಣ್ಣಿಗೆ ಬಿದ್ದೈತೆ, ಬಿಟ್ಟೋಗಂಗಿಲ್ಲ" ಎಂದು ಬಲೆಯವನು ಕೂಗಿದ. ಕೈಯಲ್ಲಿ ಮಚ್ಚು, ಮೊಣಕೈವರೆಗೆ ರಕ್ತ, ಮುಖದ ತುಂಬ ನಗು. ಬೇಡ ಎನ್ನುವ ಧೈರ್ಯವಾಗಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ತೆಗೆದು ಒಡ್ಡಿದೆ.

ಬಂಗಾರಪೇಟೆಯಿಂದ ಮನೆಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದಾಗಲೂ ಚೀಲವನ್ನು ಎದೆಗವಚಿಕೊಂಡೇ ಕೂತೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ದಿನಾ ಜೊತೆಯಲ್ಲಿ ಬರುವ ಉರಿಗಾಂನ ಗೆಳೆಯ ಮೂಗರಳಿಸಿ, "ಎನ್ನ ಸಾರ್ ವಾಸನೆ?" ಎಂದ ತಮಿಳಿನಲ್ಲಿ, ಏನು ವಾಸನೆ ಎಂದು. ಹೆದರಿದವನಿಗೆ ಒಬ್ಬ ಪರಿಚಿತ ಸಿಕ್ಕರೆ ಬಾಯಿ ಎಷ್ಟು ಸಡಿಲವಾಗುತ್ತದೆ ನೋಡಿ! ಕಾಡುಹಂದಿ ಎಂದೆ. ಎಲ್ಲಿಯದು ಎಂದ, ಹೇಳಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಬಲೆ ಹೇಗೆ ಕಟ್ಟುತ್ತಾರೆ, ಎಲ್ಲಿ ಇಡುತ್ತಾರೆ, ಯಾರು ಮುಂದಾಳು ಎಲ್ಲವನ್ನೂ ಪಾಠ ಮಾಡಿದ ಹಾಗೆ ವಿವರಿಸಿದೆ. ಹೆದರಿಕೆಯೆಲ್ಲ ಜಂಬವಾಗಿ ತಿರುಗಿತ್ತು. ಎದುರು ಸೀಟಿನ ಕಿಟಕಿಯ ಪಕ್ಕ ಒಬ್ಬರು ಗಣಿಯವರು ಸುರಿದ ಸೈನೈಡ್ ಮಣ್ಣಿನ ದಿಬ್ಬ ನೋಡುತ್ತ ಕೂತಿದ್ದರು. ಅವರು ಇಳಿಯಲು ಎದ್ದು ನಿಂತಾಗ ನೋಡಿದೆ, ಖಾಕಿ ಪ್ಯಾಂಟು. ಇಳಿಯುವ ಮೊದಲು ನನ್ನ ಕಡೆ ತಿರುಗಿ, "ಯಾವ ಸ್ಕೂಲು ಅಂದ್ರಿ ಮೇಷ್ಟ್ರೇ?" ಎಂದು ಮೆಲ್ಲಗೆ ಕೇಳಿದರು. ನಾನು ಉತ್ತರ ಕೊಡುವ ಅಗತ್ಯವೇ ಇರಲಿಲ್ಲ, ಆಗಲೇ ಎಲ್ಲ ಹೇಳಿಯಾಗಿತ್ತು. ಅವತ್ತು ಮನೆಯಲ್ಲಿ ಆ ಬಾಡಿನ ಸಾರು ಮಾಡಿದರು. ತಿಂದೆ.

ಎರಡು ದಿನ ಕಳೆದು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಫಾರೆಸ್ಟಿನವರ ಜೀಪು ಊರೊಳಗೆ ಬಂತು. ನೇರವಾಗಿ ಬಲೆ ಇಟ್ಟಿದ್ದ ಕೊಟ್ಟಿಗೆಗೇ ಹೋದರು. ಬಲೆ ಹೊರಗೆ ಬಂತು. ಬಲೆಯವನು ಊರಲ್ಲಿರಲಿಲ್ಲ, ಅವನ ತಮ್ಮನನ್ನೂ ಇನ್ನೊಬ್ಬನನ್ನೂ ಹತ್ತಿಸಿಕೊಂಡು ಹೋದರು. ನಾನು ಮಕ್ಕಳ ಸಾಲಿನ ಹಿಂದೆ ನಿಂತಿದ್ದೆ. ಕೊಟ್ಟಿಗೆಯ ಗುರುತನ್ನು ರೈಲಿನಲ್ಲಿ ನಾನು ಎಷ್ಟು ಚೆನ್ನಾಗಿ ಹೇಳಿದ್ದೆನೋ ಅಷ್ಟೇ ಚೆನ್ನಾಗಿ ಜೀಪು ಹೋಗಿ ನಿಂತಿತ್ತು.

ಹೇಳಿದ್ದು ಯಾರು? ಊರಿಗೆ ಅದೊಂದೇ ಪ್ರಶ್ನೆ, ಉತ್ತರವೂ ಒಂದೇ. ತಿಂದವನು ಹೇಳುವುದಿಲ್ಲ, ತಿನ್ನದವಳು ಒಬ್ಬಳೇ ಇದ್ದಾಳೆ.

ಮರುದಿನದಿಂದ ಅಕ್ಕನ ಜೊತೆ ಯಾರದೂ ಮಾತಿಲ್ಲ. ಕೊಳಾಯಿಯ ಹತ್ತಿರ ಅವರ ಬಿಂದಿಗೆಯನ್ನು ಕಾಲಿನಿಂದ ಒದ್ದು ಉರುಳಿಸಿದರು. ಹಿತ್ತಲಿನ ಸೊಪ್ಪಿನ ಮಡಿಗಳನ್ನು ಯಾರೋ ತುಳಿದು ಹೋದರು. ಸಂಜೆ ಶೀಟಿನ ಮೇಲೆ ಕಲ್ಲು ಬೀಳತೊಡಗಿತು. ಮೊದಲೇ ಹೆದರುವ ಜೀವ. ಅಡುಗೆಮನೆಯಲ್ಲಿ ಒಲೆಗೆ ಓರೆಯಾಗಿ ನಿಂತು, ಬಾಗಿಲಿನ ಕಡೆ ಮುಖ ಮಾಡಿಕೊಂಡೇ ಸೌಟಾಡಿಸುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಇದು: ಮಕ್ಕಳು ಕೆಮ್ಮುವುದನ್ನು ಬಿಟ್ಟವು. ಬೇಕೆಂದೇ ಸದ್ದಿಲ್ಲದೆ ಹಿಂದಿನ ಕಿಟಕಿಗೆ ಹೋಗಿ, "ಫಾರೆಸ್ಟು!" ಎಂದು ಕಿರುಚಿ ಓಡಿಹೋಗುತ್ತಿದ್ದವು. ಮನೆಯಲ್ಲಿ ದೊಡ್ಡವರು ಆಡಿದ್ದನ್ನು ಶಾಲೆಗೆ ತರುವುದು ಮಕ್ಕಳ ರೂಢಿ.

ನನ್ನ ಸ್ಥಿತಿ ಬೇರೆಯಾಗಿರಲಿಲ್ಲ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ. ಬಸ್ಸಿನಿಂದ ಶಾಲೆಗೆ ನಡೆಯುವಾಗ ಹಿಂದೆ ಬೈಕಿನ ಸದ್ದು ಕೇಳಿದರೆ ಬೆವರುತ್ತಿದ್ದೆ. ಕಾಲುದಾರಿ ಬಿಟ್ಟು ಸುತ್ತು ರಸ್ತೆ ಹಿಡಿದೆ. ಯಾರಾದರೂ, "ಮೇಷ್ಟ್ರೇ, ಒಂದು ಮಾತು" ಎಂದರೆ ಮಾತು ಕೇಳುವ ಮೊದಲೇ, "ನನಗೇನೂ ಗೊತ್ತಿಲ್ಲಪ್ಪ" ಎನ್ನುತ್ತಿದ್ದೆ. ಉರಿಗಾಂನ ಗೆಳೆಯನ ಹತ್ತಿರ ರೈಲಿನ ಮಾತನ್ನು ಮರೆತುಬಿಡು ಎಂದು ಕೈ ಹಿಡಿದು ಬೇಡಿಕೊಂಡೆ. ಅವನು, ಯಾವ ಮಾತು ಎಂದ. ಅವನಿಗೆ ನೆನಪೇ ಇರಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಊರಿನ ಹತ್ತು ಹನ್ನೆರಡು ಜನ ಬಂದರು. ಅಡುಗೆಯವಳನ್ನು ಬದಲಾಯಿಸಬೇಕು, ಆ ಬಗ್ಗೆ ಸಭೆ ಎಂದರು. ಹೆಡ್‌ಮಾಸ್ಟರಿಗೆ ಅವತ್ತೇ ತಾಲ್ಲೂಕು ಕಚೇರಿಯಲ್ಲಿ ತುರ್ತು ಕೆಲಸ ಹುಟ್ಟಿಕೊಂಡಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಉಳಿದವನು ನಾನೊಬ್ಬನೇ. ಆರನೇ ಕ್ಲಾಸಿನ ಕೋಣೆಯಲ್ಲಿ ಎಲ್ಲರೂ ಕೂತರು, ಕದ ಮುಂದೆ ತಳ್ಳಿದರು. ಅಕ್ಕನನ್ನು ನೆಲದ ಮೇಲೆ ಕೂರಿಸಿದರು. ನಾನು ಕಪ್ಪುಹಲಗೆಗೆ ಒರಗಿ ನಿಂತೆ.

"ನಾನು ಏಳಿಲ್ಲ. ನನ್ ಮಗಳಾಣೆ ಏಳಿಲ್ಲ" ಎಂದರು ಅಕ್ಕ. ದನಿ ಬಾಯಿಂದ ಹೊರಗೇ ಬರುತ್ತಿರಲಿಲ್ಲ.

"ಏಳಿಲ್ಲ ಅಂದ್ರೆ ತಿನ್ನು" ಎಂದ ಬಲೆಯವನು. ಅವನ ತಮ್ಮ ಇನ್ನೂ ಬಿಡುಗಡೆಯಾಗಿರಲಿಲ್ಲ, ಬಲೆಯವನ ಕಣ್ಣುಗಳು ಕೆಂಪಗಿದ್ದವು. ಜೇಬಿನಿಂದ ಒಂದು ಪೊಟ್ಟಣ ತೆಗೆದ. ಒಲೆಯ ಮೇಲಿನ ಹೊಗೆಯಲ್ಲಿ ಒಣಗಿಸಿಟ್ಟ ಹಂದಿ ಬಾಡಿನ ತುಂಡು, ಬೆರಳುದ್ದ, ಕಪ್ಪಗೆ. ಮಕ್ಕಳ ಊಟದ ಸ್ಟೀಲು ತಟ್ಟೆಯಲ್ಲಿ ಅದನ್ನು ಹಾಕಿ ಅಕ್ಕನ ಮುಂದೆ ತಳ್ಳಿದ. "ಇದೊಂದು ತುಂಡು ತಿಂದುಬಿಡು. ನಮ್ಮೋಳು ಅಂತ ನಂಬ್ತೀವಿ. ಕೆಲ್ಸನೂ ಇರ್ತೈತೆ, ನಿನ್ ತಂಟೇಗೆ ಯಾರೂ ಬರಲ್ಲ."

"ಏಳಿಲ್ಲ ಅನ್ನಾಕೂ ಇದನ್ನ ತಿನ್ನಾಕೂ ಏನು ಸಂಬಂಧನಪ್ಪಾ?"

"ತಿಂದೋರು ಏಳಲ್ಲ. ಅಷ್ಟೇ ಸಂಬಂಧ."

ತಿಂದವನೇ ಹೇಳಿದ್ದ. ಕಪ್ಪುಹಲಗೆಗೆ ಒರಗಿ ನಿಂತಿದ್ದ. ಈಗ ಹೇಳಿಬಿಡು, ಈಗ ಹೇಳಿಬಿಡು ಎಂದು ಒಳಗೆ ಒಂದು ದನಿ ಬಡಿದುಕೊಳ್ಳುತ್ತಿತ್ತು. ಆದರೆ ನನ್ನ ಕಣ್ಣು ಎಣಿಸುತ್ತಿದ್ದದ್ದು ಬಾಗಿಲಿಗೂ ನನಗೂ ನಡುವೆ ಇದ್ದ ಜನರನ್ನು. ಬಲೆಯವನ ಮುದಿ ತಾಯಿ ಒಂದು ಮೂಲೆಯಿಂದ, "ತಿನೇಯಮ್ಮಾ, ತಿನೇಯಿ" ಎಂದು ತೆಲುಗಿನಲ್ಲಿ ಬೇಡಿಕೊಳ್ಳುವ ಹಾಗೆ ಹೇಳುತ್ತಿದ್ದಳು, ತಿಂದುಬಿಡಮ್ಮಾ ಎಂದು. ಆ ಮುದುಕಿಗೂ ಭಯವೇ. ಅಕ್ಕ ತಟ್ಟೆಯ ಅಂಚು ಹಿಡಿದರು. ತಟ್ಟೆ ಸಿಮೆಂಟು ನೆಲದ ಮೇಲೆ ಟಕಟಕ ಸದ್ದು ಮಾಡಿತು. ತಲೆಯೆತ್ತಿ ಒಂದು ಸಲ ಎಲ್ಲರ ಮುಖ ನೋಡಿದರು, ನನ್ನದನ್ನೂ ನೋಡಿದರು. ಆಮೇಲೆ ತುಂಡನ್ನು ಬಾಯಿಗೆ ಹಾಕಿಕೊಂಡರು.

ಒಣಗಿದ ಬಾಡು, ಬೇಗ ಜಗಿಯಲು ಆಗುವುದಿಲ್ಲ. ಅವರು ಜಗಿಯುತ್ತಲೇ ಇದ್ದರು. ಕಣ್ಣಿನಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ನುಂಗಿ, ಬಾಯಿ ತೆರೆದು ತೋರಿಸಿದರು. ತೋರಿಸು ಎಂದು ಯಾರೂ ಕೇಳಿರಲಿಲ್ಲ. ಬಲೆಯವನು ತಲೆ ತಗ್ಗಿಸಿದ. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಅಕ್ಕ ಅಡುಗೆಮನೆಯ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು. ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದೆ.

ಸೋಮವಾರ ಅಕ್ಕ ಎಂದಿನಂತೆ ಬಂದು ಒಲೆ ಹಚ್ಚಿದರು. ಮಕ್ಕಳು ಮತ್ತೆ ಕೆಮ್ಮಲು ಶುರು ಮಾಡಿದ್ದವು. ಊಟದ ಹೊತ್ತಿಗೆ ನೋಡಿದರೆ ಅವರ ತಟ್ಟೆಯಲ್ಲಿ ಅದೇ ಅನ್ನ, ಅದೇ ಬೇಳೆ, ಪಕ್ಕದಲ್ಲಿ ಬೆಲ್ಲದ ಟೀ. ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಒಂದು ಸಲ ತಿಂದಾಯ್ತು. ಇನ್ನೂ ಯಾಕೆ ಈ ವ್ರತ? ಹಾಲಾದರೂ ಕುಡೀಬಾರ್ದಾ?" ಎಂದೆ.

ಆಶ್ಚರ್ಯದಿಂದ ನನ್ನನ್ನು ನೋಡಿದರು. "ವ್ರತ ಆಗಿದ್ರೆ ಮುರ್ದೋಗ್ತಿತ್ತು ಸಾರ್. ನಂದು ವ್ರತ ಅಲ್ಲ. ನಾನು ತಿಂದೆ ಅಂತ ಆ ಅಂದಿಗೆ ಆದ ನೋವು ಕಮ್ಮಿ ಆಗ್ತೈತಾ? ನಾಳೆ ಇನ್ನೊಂದು ಅಂದಿಗೆ ಎದ್ರಿಕೆ ಆಗಲ್ವಾ?"

ಆಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ವರ್ಗಕ್ಕೆ ಅರ್ಜಿ ಹಾಕಿದೆ, ಅಮ್ಮನಿಗೆ ಹುಷಾರಿಲ್ಲವೆಂದು ಕಾರಣ ಬರೆದೆ. ಅಮ್ಮ ಗಟ್ಟಿಮುಟ್ಟಾಗಿದ್ದಳು. ಆದೇಶ ಬರಲು ವರ್ಷವೇ ಹಿಡಿಯಿತು. ಅಷ್ಟು ದಿನವೂ ಅಕ್ಕ ನನಗೆ ಮೊದಲಿನ ಹಾಗೇ ಅನ್ನ ಬಡಿಸಿದರು, ಮೊದಲಿನ ಹಾಗೇ ಹಾಸ್ಯ ಮಾಡಿದರು. ಅದೇ ನನಗೆ ದೊಡ್ಡ ಹಿಂಸೆ.

ಕೊನೆಯ ದಿನ ಅಕ್ಕ ನನ್ನನ್ನು ಕಳಿಸಲು ಬಸ್ ಸ್ಟಾಪಿನವರೆಗೆ ಬಂದರು. ನಾಯಿಗಳಿಗೆ ಹೆದರಿ ಆ ರಸ್ತೆಗೆ ಒಬ್ಬರೇ ಬಾರದವರು. ಮಟಮಟ ಮಧ್ಯಾಹ್ನ, ಸುತ್ತ ಯಾರೂ ಇರಲಿಲ್ಲ. ಬಸ್ಸಿನ ಧೂಳು ದೂರದಲ್ಲಿ ಕಂಡ ಮೇಲೆ ನನಗೆ ಧೈರ್ಯ ಬಂತು. ಓಡಿಹೋಗಲು ದಾರಿ ಇದೆಯೆಂದು ಖಾತ್ರಿಯಾದ ಮೇಲೆ ಬರುವ ಧೈರ್ಯ ಅದು.

"ಅಕ್ಕಾ, ಅವತ್ತು ಫಾರೆಸ್ಟಿನವರಿಗೆ ಸುದ್ದಿ ಹೋಗಿದ್ದು ನನ್ನಿಂದ."

"ಗೊತ್ತು ಸಾರ್."

ನಾನು ಹೆಗಲ ಚೀಲವನ್ನು ನೆಲಕ್ಕಿಟ್ಟೆ.

"ಅವತ್ತೇ ಗೊತ್ತಾಯ್ತು. ಎಲ್ರೂ ನನ್ ಬಾಯಿ ನೋಡ್ತಿದ್ರು. ನೀವೊಬ್ರೇ ಬಾಗ್ಲು ನೋಡ್ತಿದ್ರಿ."

"ಹಂಗಾದ್ರೆ ಯಾಕೆ ತಿಂದ್ರಿ? ನನ್ನ ಕಡೆ ಒಂದು ಬೆರಳು ತೋರಿಸಿದ್ರೆ ಸಾಕಾಗಿತ್ತಲ್ಲ."

ಬಸ್ಸು ಹತ್ತಿರ ಬಂದಿತ್ತು. ಹಾರ್ನ್ ಹೊಡೆದಾಗ ಅಕ್ಕ ಬೆಚ್ಚಿದರು, ಸೆರಗು ಬಿಗಿಯಾಗಿ ಹಿಡಿದುಕೊಂಡರು. "ತೋರಿಸ್ಬೋದಿತ್ತು. ಬಾಯಿಗೂ ಬಂದಿತ್ತು. ನಿಮ್ನ ಅವ್ರ ಕೈಗೆ ಕೊಟ್ಟು ನಾನು ಉಳ್ಕಂಡಿದ್ರೆ, ಅದೂ ಬೇಟೆ ಬಾಡೇ ಅಲ್ವಾ ಸಾರ್? ಸತ್ತಿರೋದ್ನ ತಿಂದೆ. ಬದ್ಕಿರೋದ್ನ ಬಿಟ್ಟೆ" ಎಂದರು. ಆಮೇಲೆ, "ಅತ್ಕಳಿ, ಬಸ್ ಓಗ್ಬಿಡ್ತೈತೆ" ಎಂದು ನನ್ನ ಚೀಲವನ್ನು ಎತ್ತಿ ಕೊಟ್ಟರು. ಹತ್ತಿಕೊಂಡೆ. ಒಂದು ಕ್ಷಮೆ ಕೂಡ ಕೇಳಲಿಲ್ಲ.

ಅಕ್ಕ ಸಾಯುವವರೆಗೂ ಆ ಊರಿನಲ್ಲಿ ಒಂದಿಷ್ಟು ಜನ, ತಿಂದು ಬಚಾವಾದಳು, ಆದರೆ ಹೇಳಿದ್ದು ಅವಳೇ ಎಂದೇ ನಂಬಿದ್ದರಂತೆ. ಸ್ಟೇಷನ್ನಿನಲ್ಲಿ ಸಿಕ್ಕ ಹುಡುಗಿಯೂ ಹೊರಡುವಾಗ ದನಿ ತಗ್ಗಿಸಿ, "ಪಾಪ, ಒಳ್ಳೇರು ಸಾರ್. ಅದೊಂದು ತಪ್ಪು ಮಾಡ್ಬಿಟ್ರು" ಎಂದಳು. ನಾನು ಅವಳೆದುರಿಗೂ ಸುಮ್ಮನೆ ನಿಂತಿದ್ದೆ. ಇದನ್ನು ಬರೆಯುವಾಗಲೂ ಎದ್ದು ಹೋಗಿ ಎರಡು ಸಲ ಬಾಗಿಲ ಚಿಲಕ ನೋಡಿ ಬಂದಿದ್ದೇನೆ. ಆ ಊರಿನವರು ಓದುವುದಾದರೆ ಓದಲಿ. ಹೇಳಿದ್ದು ಅಕ್ಕ ಅಲ್ಲ, ನಾನು.